ಪಕ್ಕದ ಆಸ್ಪತ್ರೆಯಿಂದ ಕಲಿಯುವುದು: ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗುಣಮಟ್ಟಕ್ಕೆ ಇರುವ ದಾರಿಗಳು

ಒಂದೇ ತಾಲ್ಲೂಕಿನಲ್ಲಿ, ಹತ್ತು–ಹದಿನೈದು ಕಿಲೋಮೀಟರ್ ಅಂತರದಲ್ಲಿ ಎರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳಿರುತ್ತವೆ. ಎರಡಕ್ಕೂ ಔಷಧಿ ಬರುವ ಉಗ್ರಾಣ ಒಂದೇ, ಮಂಜೂರಾದ ಹುದ್ದೆಗಳು ಒಂದೇ, ಅನುದಾನವೂ ಹೆಚ್ಚುಕಡಿಮೆ ಒಂದೇ. ಆದರೂ ಒಂದು ಕಡೆ ಬಿಪಿ ಮಾತ್ರೆಗೆಂದು ಬಂದ ಅಜ್ಜಿಯ ಬಿಪಿ ನೋಡಿ, ಕಾರ್ಡಿನಲ್ಲಿ ಬರೆದು, ತಿಂಗಳಿಗಾಗುವಷ್ಟು ಮಾತ್ರೆ ಕೊಟ್ಟು, ಮುಂದಿನ ತಾರೀಖು ಹೇಳಿ ಕಳಿಸುತ್ತಾರೆ. ಇನ್ನೊಂದು ಕಡೆ ಐದು ದಿನದ ಮಾತ್ರೆ ಕೈಗಿಟ್ಟು ಕಳಿಸುತ್ತಾರೆ. ಕೂಲಿ ಬಿಟ್ಟು ಆರನೇ ದಿನ ಮತ್ತೆ ಬರಲು ಆಕೆಗೆ ಆಗುವುದಿಲ್ಲ. ಆಕೆ ಬರಲಿಲ್ಲವೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಎರಡು ವರ್ಷದ ನಂತರ ಲಕ್ವ ಹೊಡೆದಾಗ ಈ ಎರಡು ಕೇಂದ್ರಗಳ ನಡುವಿನ ವ್ಯತ್ಯಾಸ ಏನೆಂಬುದು ಮನೆಯವರಿಗೆ ತಿಳಿಯುತ್ತದೆ.

ಮೊದಲ ಕೇಂದ್ರದಲ್ಲಿ ರೂಢಿಯಾದ ಒಳ್ಳೆಯ ಕ್ರಮ ಎರಡನೆಯದಕ್ಕೆ ತಲುಪುವುದು ಹೇಗೆ? ಆದೇಶದಿಂದಲೇ, ಪ್ರಮಾಣಪತ್ರದಿಂದಲೇ, ಹಣದಿಂದಲೇ, ಹಿರಿಯರ ಜೊತೆಗಾರಿಕೆಯಿಂದಲೇ, ಅಥವಾ ಹತ್ತಾರು ಕೇಂದ್ರಗಳವರು ಒಟ್ಟಿಗೆ ಕೂತು ಪರಸ್ಪರ ಕಲಿಯುವುದರಿಂದಲೇ? ಜಗತ್ತಿನ ಆರೋಗ್ಯ ವಲಯ ಮೂವತ್ತು ವರ್ಷಗಳಿಂದ ಈ ಚರ್ಚೆಯಲ್ಲಿ ತೊಡಗಿದೆ. ಈ ದಾರಿಗಳಲ್ಲಿ ಹೆಚ್ಚಿನವು ಕರ್ನಾಟಕದ ನೆಲದಲ್ಲೇ ಪರೀಕ್ಷೆಗೆ ಒಳಗಾಗಿವೆ. ಆ ಪ್ರಯೋಗಗಳ ಫಲಿತಾಂಶ ಮಾತ್ರ ಕನ್ನಡ ಓದುಗರಿಗೆ ಅಷ್ಟಾಗಿ ತಲುಪಿಲ್ಲ.

ಪ್ರಶ್ನೆ ಹುಟ್ಟಿದ ಬಗೆ

ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ಮುಂದಿದ್ದದ್ದು ಆಸ್ಪತ್ರೆಯೇ ಇಲ್ಲದ ಹಳ್ಳಿಗಳ ಪ್ರಶ್ನೆ. 1946ರ ಭೋರ್ ಸಮಿತಿ ವರದಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಕ್ಷೆ ಕೊಟ್ಟಿತು. 1952ರಿಂದ ಕೇಂದ್ರಗಳು ತೆರೆಯತೊಡಗಿದವು. 1978ರ ಆಲ್ಮಾ ಆಟಾ ಘೋಷಣೆ ಪ್ರಾಥಮಿಕ ಆರೈಕೆಯನ್ನು ಜಗತ್ತಿನ ಗುರಿಯನ್ನಾಗಿಸಿತು. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಎಂಬ ಲೆಕ್ಕದಲ್ಲಿ ಕೇಂದ್ರಗಳು ಹರಡಿದವು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದು ಆಶಾ ಕಾರ್ಯಕರ್ತೆಯರನ್ನೂ ಹೆರಿಗೆಗೆ ಪ್ರೋತ್ಸಾಹಧನವನ್ನೂ ತಂದಿತು. ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಬಂದರು.

ಬಂದವರಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆ ಎದ್ದದ್ದು ಆಮೇಲೆ. 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಂದಾಜೊಂದು ಕಣ್ಣು ತೆರೆಸುವಂಥದ್ದು. 2016ರಲ್ಲಿ ಭಾರತದಲ್ಲಿ ಆಸ್ಪತ್ರೆಗೇ ಹೋಗದೆ ಸತ್ತು, ಹೋಗಿದ್ದರೆ ಉಳಿಯಬಹುದಾಗಿದ್ದವರು ಸುಮಾರು 8.38 ಲಕ್ಷ. ಆಸ್ಪತ್ರೆಗೆ ಹೋಗಿಯೂ ಆರೈಕೆಯ ಗುಣಮಟ್ಟ ಸಾಲದೆ ಸತ್ತವರು ಸುಮಾರು 16 ಲಕ್ಷ. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ನಡೆಯುವ ಕೆಲಸವೂ ಸರಿಯಿರಬೇಕು ಎಂಬುದಕ್ಕೆ ಇದಕ್ಕಿಂತ ಬಲವಾದ ಲೆಕ್ಕ ಬೇಕಿಲ್ಲ.

ಗುಣಮಟ್ಟವನ್ನು ಕೂಡಿ ಕಲಿಯುವ ವಿಚಾರ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಕಾರ್ಖಾನೆಯಲ್ಲಿ. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ, ಉತ್ಪಾದನೆಯ ಏರುಪೇರು ಗುರುತಿಸುವ ನಿಯಂತ್ರಣ ನಕ್ಷೆ ರೂಪಿಸಿದರು. ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಅದನ್ನು ಜಪಾನಿನ ಎಂಜಿನಿಯರುಗಳಿಗೆ ಕಲಿಸಿದರು. ಕೆಲಸಗಾರರೇ ಗುಂಪಾಗಿ ಕೂತು ತಮ್ಮ ಕೆಲಸದ ಸಮಸ್ಯೆ ಬಿಡಿಸುವ, ಅಲ್ಲಿ ಬೆಳೆದ ‘ಗುಣಮಟ್ಟ ವೃತ್ತ’ 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ಭಾರತಕ್ಕೆ ಬಂತು. ಕೊಯಮತ್ತೂರಿನಲ್ಲಿ ಕೂಡಿ ಕಲಿಯುವ ರೂಢಿ ಇನ್ನೂ ಹಳೆಯದು. 1956ರಲ್ಲಿ ಅಲ್ಲಿ ಶುರುವಾದ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘ, ಜನರ ಬಾಯಲ್ಲಿ ‘ಸಿಟ್ರಾ’, ದಶಕಗಳಿಂದ ನೂಲಿನ ಗಿರಣಿಗಳ ಉತ್ಪಾದಕತೆ, ವೆಚ್ಚ, ನೂಲಿನ ಗುಣಮಟ್ಟಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುತ್ತ ಬಂದಿದೆ. ಮಾರುಕಟ್ಟೆಯಲ್ಲಿ ಒಬ್ಬರಿಗೊಬ್ಬರು ಪೈಪೋಟಿಯವರಾದ ಗಿರಣಿ ಮಾಲೀಕರೇ ತಮ್ಮ ಅಂಕಿಅಂಶ ಕೊಟ್ಟು, ತಾವು ಎಲ್ಲಿ ಹಿಂದೆ ಬಿದ್ದಿದ್ದೇವೆಂದು ನೋಡಿಕೊಳ್ಳುತ್ತಾರೆ. ಪೈಪೋಟಿಯೇ ಇಲ್ಲದ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಇದು ಇನ್ನೂ ಸುಲಭವಾಗಬೇಕಿತ್ತು.

ಆರೋಗ್ಯ ಕ್ಷೇತ್ರಕ್ಕೆ ಈ ವಿಧಾನವನ್ನು ತಂದವರಲ್ಲಿ ಅಮೆರಿಕದ ಮಕ್ಕಳ ವೈದ್ಯ ಡಾನಲ್ಡ್ ಬರ್ವಿಕ್ ಮುಖ್ಯರು. ಅವರ ಸಂಸ್ಥೆ 1995ರಲ್ಲಿ ಒಂದು ಕ್ರಮ ರೂಪಿಸಿತು. ಹತ್ತಿಪ್ಪತ್ತು ಅಥವಾ ಇನ್ನೂ ಹೆಚ್ಚು ಆಸ್ಪತ್ರೆಗಳ ತಂಡಗಳು ಒಂದೇ ವಿಷಯ ಹಿಡಿದು ವರ್ಷದಲ್ಲಿ ಎರಡು ಮೂರು ಬಾರಿ ಸೇರುವುದು. ನಡುವಿನ ತಿಂಗಳುಗಳಲ್ಲಿ ತಮ್ಮ ತಮ್ಮ ಆಸ್ಪತ್ರೆಯಲ್ಲಿ ಸಣ್ಣ ಬದಲಾವಣೆ ಯೋಜಿಸಿ, ಮಾಡಿ, ಅಳೆದು, ತಿದ್ದಿಕೊಳ್ಳುವುದು. ಮುಂದಿನ ಭೇಟಿಯಲ್ಲಿ ಎಲ್ಲರೂ ತಮ್ಮ ಲೆಕ್ಕ ಮುಂದಿಡುವುದು. ಬ್ರಿಟನ್ 2000ದಲ್ಲಿ ಇದನ್ನು ರಾಷ್ಟ್ರಮಟ್ಟದಲ್ಲಿ ಕುಟುಂಬ ವೈದ್ಯರ ಕ್ಲಿನಿಕ್ಕುಗಳಿಗೆ ವಿಸ್ತರಿಸಿತು.

ಮೊದಲ ಪಂಥ: ಮಾನದಂಡ ಮತ್ತು ಪ್ರಮಾಣಪತ್ರ

ಭಾರತ ಸರ್ಕಾರ ಹಿಡಿದ ಮುಖ್ಯ ದಾರಿ ಇದು. ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು 2013ರಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಬಂದು, ಮರುವರ್ಷ ಸಮುದಾಯ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಅನ್ವಯವಾದವು. ಪರಿಶೀಲನಾ ಪಟ್ಟಿ ಹಿಡಿದು ಎಂಟು ವಿಭಾಗಗಳಲ್ಲಿ ಅಂಕ ಕೊಡುತ್ತಾರೆ. ಸ್ವಚ್ಛತೆ, ತ್ಯಾಜ್ಯ ವಿಲೇವಾರಿ, ಸೋಂಕು ತಡೆಗೆಂದೇ 2015ರ ಮೇ 15ರಂದು ‘ಕಾಯಕಲ್ಪ’ ಯೋಜನೆ ಆರಂಭವಾಯಿತು. ಗೆದ್ದ ಕೇಂದ್ರಕ್ಕೆ ಬಹುಮಾನವೂ ಇದೆ.

ಈ ಪಂಥದ ವಾದ ಸರಳ: ಒಳ್ಳೆಯದು ಯಾವುದೆಂದು ಬರೆದಿಡದಿದ್ದರೆ ಯಾರೂ ಅದರತ್ತ ನಡೆಯುವುದಿಲ್ಲ. ಇದರಲ್ಲಿ ಸತ್ಯವಿದೆ. ಕಸವನ್ನು ಹಳದಿ, ಕೆಂಪು ಚೀಲಗಳಲ್ಲಿ ಬೇರೆಬೇರೆ ಹಾಕುವುದು, ಹೆರಿಗೆ ಕೋಣೆಯಲ್ಲಿ ಕೈತೊಳೆಯುವ ನೀರಿರುವುದು ಇವೆಲ್ಲ ಪಟ್ಟಿಗೆ ಸೇರಿದ ಮೇಲೆ ಕಾಣುವಂತೆ ಸುಧಾರಿಸಿವೆ. ಕಾಯಕಲ್ಪದಲ್ಲಿ ಇನ್ನೊಂದು ಆಸ್ಪತ್ರೆಯವರೇ ಬಂದು ಅಂಕ ಕೊಡುವ ಹಂತವೂ ಇದೆ. ಪಕ್ಕದವರು ಹೇಗೆ ಮಾಡುತ್ತಾರೆಂದು ನೋಡುವ ಅವಕಾಶ ಅಲ್ಲಿ ತಾನಾಗಿ ಒದಗುತ್ತದೆ.

ಆದರೆ ಪಟ್ಟಿಗೆ ಸುಲಭವಾಗಿ ಸಿಗುವುದು ಕಣ್ಣಿಗೆ ಕಾಣುವ ಸಂಗತಿ. ವೈದ್ಯರು ರೋಗಿಯ ಮಾತು ಕೇಳಿದರೇ, ಬಿಪಿ ಇಳಿಯದಾಗ ಮಾತ್ರೆ ಬದಲಿಸಿದರೇ ಎಂಬುದು ಸುಲಭಕ್ಕೆ ಸಿಗುವುದಿಲ್ಲ. ತಪಾಸಣೆಯ ದಿನ ಹತ್ತಿರ ಬಂದಾಗ ಹುರುಪು ಏರುತ್ತದೆ, ಮುಗಿದ ಮೇಲೆ ಇಳಿಯುತ್ತದೆ ಎಂಬ ಮಾತು ಸಿಬ್ಬಂದಿಯ ಬಾಯಿಂದಲೇ ಬರುತ್ತದೆ.

ಎರಡನೆಯ ಪಂಥ: ಕಣ್ಗಾವಲು ಮತ್ತು ಹಣ

ಸಮಸ್ಯೆ ತಿಳಿವಳಿಕೆಯದಲ್ಲ, ಮಾಡುವ ಮನಸ್ಸಿನದು ಎನ್ನುತ್ತಾರೆ ಅರ್ಥಶಾಸ್ತ್ರಜ್ಞರು. ದೆಹಲಿಯಲ್ಲೂ ಮಧ್ಯಪ್ರದೇಶದಲ್ಲೂ ಜಿಷ್ಣು ದಾಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ವೈದ್ಯರಿಗೆ ಗೊತ್ತಿರುವುದಕ್ಕೂ ಅವರು ಮಾಡುವುದಕ್ಕೂ ದೊಡ್ಡ ಅಂತರವಿದೆಯೆಂದು ತೋರಿಸಿದವು.

ಕರ್ನಾಟಕದಲ್ಲಿ ಇದರ ಎರಡು ಮುಖ್ಯ ಪರೀಕ್ಷೆಗಳು ನಡೆದಿವೆ. ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೈಕಿ 140ರಲ್ಲಿ ಹಾಜರಾತಿಗೆ ಬೆರಳಚ್ಚು ಯಂತ್ರ ಇಟ್ಟರು. ಇಕ್ಬಾಲ್ ಧಲಿವಾಲ್ ಮತ್ತು ರೆಮಾ ಹನ್ನಾ 2017ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್ನರ ಹಾಜರಾತಿ ಏರಿತು, ಶಿಶುಗಳ ಜನನ ತೂಕವೂ ಸುಧಾರಿಸಿತು. ವೈದ್ಯರ ಹಾಜರಾತಿ ಮಾತ್ರ ಬದಲಾಗಲಿಲ್ಲ. ಗೈರುಹಾಜರಿಗೆ ರಜೆ ಕಡಿತ ಮಾಡುವ ನಿಯಮವನ್ನು ಗಟ್ಟಿಯಾಗಿ ಜಾರಿಗೆ ತರಲು ಅಧಿಕಾರಿಗಳಿಂದ ಆಗಲಿಲ್ಲ. ಇನ್ನೊಂದು ಪರೀಕ್ಷೆ ರಾಜ್ಯದ ಗ್ರಾಮೀಣ ಖಾಸಗಿ ಹೆರಿಗೆ ಆಸ್ಪತ್ರೆಗಳದ್ದು. ಮನೋಜ್ ಮೋಹನನ್ ಮತ್ತು ಸಂಗಡಿಗರು ಕೆಲವರಿಗೆ ಸರಿಯಾದ ಕ್ರಮ ಪಾಲಿಸಿದ್ದಕ್ಕೆ, ಕೆಲವರಿಗೆ ತಾಯಿ–ಮಗುವಿನ ಆರೋಗ್ಯದ ಫಲಿತಾಂಶಕ್ಕೆ ಹಣ ಕೊಟ್ಟು ನೋಡಿದರು. ಎರಡೂ ಗುಂಪುಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವ ಕಡಿಮೆಯಾಯಿತು.

ಹಣ ಮತ್ತು ಕಣ್ಗಾವಲು ಕೆಲಸ ಮಾಡುತ್ತವೆ, ನಿಜ. ಆದರೆ ಅವುಗಳ ಹಿಂದೆ ಗಟ್ಟಿ ಆಡಳಿತ ಇರಬೇಕು. ಎಲ್ಲಿ ಆಡಳಿತ ದುರ್ಬಲವೋ ಅಲ್ಲಿ ಯಂತ್ರವೂ ದುರ್ಬಲ.

ಮೂರನೆಯ ಪಂಥ: ಜೊತೆ ನಿಂತು ಕಲಿಸುವುದು

ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೇರಿ ನಡೆಸಿದ ‘ಸುಕ್ಷೇಮ’ ಯೋಜನೆ ನಮ್ಮ ರಾಜ್ಯದ ದೊಡ್ಡ ಪ್ರಯೋಗಗಳಲ್ಲಿ ಒಂದು. ಬಳ್ಳಾರಿ ಮತ್ತು ಕಲಬುರ್ಗಿ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೈಕಿ 54ಕ್ಕೆ ಮಾರ್ಗದರ್ಶಿ ನರ್ಸ್‌ಗಳನ್ನು ಕಳಿಸಿದರು. ಇವರು ತಪಾಸಣೆಗೆ ಬರುವವರಲ್ಲ. ಹೆರಿಗೆ ಕೋಣೆಯಲ್ಲಿ ಅಲ್ಲಿನ ನರ್ಸ್ ಪಕ್ಕದಲ್ಲೇ ನಿಂತು ಕೆಲಸ ಮಾಡುವವರು, ಕೇಸ್ ಶೀಟ್ ಒಟ್ಟಿಗೆ ತಿರುವಿ ಹಾಕುವವರು, ಕೇಂದ್ರದ ಸಿಬ್ಬಂದಿಯನ್ನೆಲ್ಲ ಕೂಡಿಸಿ ತಮ್ಮ ಲೋಪ ತಾವೇ ಪಟ್ಟಿ ಮಾಡುವಂತೆ ಮಾಡುವವರು.

ಹೆರಿಗೆ ಕೋಣೆಯ ಒಂದು ಉದಾಹರಣೆ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟರೆ ರಕ್ತಸ್ರಾವದ ಅಪಾಯ ತಗ್ಗುತ್ತದೆ. ಇದು ಪ್ರತಿ ನರ್ಸ್‌ಗೂ ಗೊತ್ತು. ಆದರೆ ಈ ಔಷಧಿ ತಂಪಿನಲ್ಲಿರಬೇಕು. ಫ್ರಿಜ್ ಇರುವುದು ಇನ್ನೊಂದು ಕೋಣೆಯಲ್ಲಿ, ಅದರ ಬೀಗದ ಕೈ ಸಂಜೆ ಮನೆಗೆ ಹೋದ ಫಾರ್ಮಸಿಸ್ಟ್ ಬಳಿ ಎಂದಾದರೆ ರಾತ್ರಿ ಎರಡು ಗಂಟೆಯ ಹೆರಿಗೆಗೆ ಆ ತಿಳಿವಳಿಕೆ ಉಪಯೋಗಕ್ಕೆ ಬರುವುದಿಲ್ಲ. ಹೆರಿಗೆ ಹತ್ತಿರವಾದ ಕೂಡಲೇ ಚುಚ್ಚುಮದ್ದು ತುಂಬಿದ ತಟ್ಟೆ ಮಂಚದ ಪಕ್ಕಕ್ಕೆ ಬರಬೇಕು, ಬೀಗದ ಕೈ ರಾತ್ರಿ ಪಾಳಿಯವರ ಬಳಿ ಇರಬೇಕು ಎಂಬ ತೀರ್ಮಾನ ಬೆಂಗಳೂರಿನ ತರಬೇತಿಯಲ್ಲಿ ಆಗುವಂಥದ್ದಲ್ಲ. ಅದು ಆ ಕೋಣೆಯಲ್ಲೇ ಆಗಬೇಕು. ಸುಕ್ಷೇಮ ಪರೀಕ್ಷೆಯಲ್ಲಿ ಮಾರ್ಗದರ್ಶಿಗಳಿದ್ದ ಕೇಂದ್ರಗಳ ನರ್ಸ್‌ಗಳ ತಿಳಿವಳಿಕೆ ಮತ್ತು ಔಷಧಿ–ಸಲಕರಣೆಗಳ ಸಿದ್ಧತೆ ಉಳಿದವುಗಳಿಗಿಂತ ಮೇಲಿತ್ತು.

ಇದೇ ಪಂಥದ ಎಚ್ಚರಿಕೆಯ ಕಥೆಯೂ ಕರ್ನಾಟಕದಲ್ಲೇ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು ಬೆಳಗಾವಿ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಪ್ರಯೋಗಿಸಿದಾಗ, 29 ಅಗತ್ಯ ಕ್ರಮಗಳಲ್ಲಿ ಸರಾಸರಿ 10 ನಡೆಯುತ್ತಿದ್ದ ಕಡೆ 25 ನಡೆಯತೊಡಗಿದವು. ಆ ಭರವಸೆಯಿಂದ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡ ಪರೀಕ್ಷೆ ನಡೆಯಿತು. ಅರ್ಧದಷ್ಟಕ್ಕೆ ಪಟ್ಟಿಯ ಜೊತೆ ಎಂಟು ತಿಂಗಳ ಮಾರ್ಗದರ್ಶನವೂ ಸಿಕ್ಕಿತು. 2017ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ಯೋಚನೆಗೆ ಹಚ್ಚಿತು. ನರ್ಸ್‌ಗಳ ಕ್ರಮಪಾಲನೆ ಸ್ಪಷ್ಟವಾಗಿ ಏರಿತ್ತು. ಆದರೆ ತಾಯಿ–ಮಕ್ಕಳ ಸಾವು ಮತ್ತು ತೀವ್ರ ತೊಡಕಿನ ಪ್ರಮಾಣ ಒಂದು ಕಡೆ ಶೇ 15.1, ಇನ್ನೊಂದು ಕಡೆ ಶೇ 15.3; ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಮಾರ್ಗದರ್ಶಕರು ಹೋದ ಮೇಲೆ ಕ್ರಮಪಾಲನೆಯೂ ಶೇ 72.8ರಿಂದ ಶೇ 61.7ಕ್ಕೆ ಇಳಿದಿತ್ತು.

ನಾಲ್ಕನೆಯ ಪಂಥ: ಕೂಡಿ ಕಲಿಯುವ ಗುಂಪು

ಮಾರ್ಗದರ್ಶಕರು ಎಂದೋ ಒಂದು ದಿನ ಹೋಗುತ್ತಾರೆ, ಪಕ್ಕದ ಆಸ್ಪತ್ರೆ ಎಲ್ಲಿಗೂ ಹೋಗುವುದಿಲ್ಲ. ಈ ಪಂಥದ ಬಲ ಇರುವುದು ಅಲ್ಲೇ. ಒಬ್ಬ ವೈದ್ಯಾಧಿಕಾರಿ ಹೇಳಿದ್ದನ್ನು ಇನ್ನೊಬ್ಬ ವೈದ್ಯಾಧಿಕಾರಿ ನಂಬುತ್ತಾರೆ. ಇಬ್ಬರಿಗೂ ಇರುವುದು ಅದೇ ಕೊರತೆ, ಅದೇ ರಿಜಿಸ್ಟರು, ಅದೇ ಸಾಲು.

ಪುರಾವೆ ಏನು ಹೇಳುತ್ತದೆ? 2008ರ ಸಮೀಕ್ಷೆಯೊಂದು ಹೋಲಿಕೆಗೆ ಬೇರೆ ಗುಂಪು ಇಟ್ಟುಕೊಂಡ ಒಂಬತ್ತೇ ಅಧ್ಯಯನಗಳನ್ನು ಕಂಡು, ಫಲ ಇದೆ ಆದರೆ ಮಿತವಾಗಿದೆ ಎಂದಿತು. 2018ರ ಇನ್ನೊಂದು ಸಮೀಕ್ಷೆ 64 ಅಧ್ಯಯನಗಳನ್ನು ನೋಡಿತು. ಅವುಗಳಲ್ಲಿ ಶೇ 83ರಷ್ಟು ಕನಿಷ್ಠ ಒಂದು ಮುಖ್ಯ ಅಳತೆಯಲ್ಲಾದರೂ ಸುಧಾರಣೆ ವರದಿ ಮಾಡಿದ್ದವು. ಅದೇ ವರ್ಷ ಅಲೆಕ್ಸಾಂಡರ್ ರೋ ಮತ್ತು ಸಂಗಡಿಗರು ಬಡ ಹಾಗೂ ಮಧ್ಯಮ ಆದಾಯದ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಬರೀ ಮುದ್ರಿತ ಮಾರ್ಗಸೂಚಿಯಿಂದ ಆಗುವುದು ಅತ್ಯಲ್ಪ, ತರಬೇತಿಯ ಜೊತೆ ಗುಂಪಾಗಿ ಸಮಸ್ಯೆ ಬಿಡಿಸುವುದು ಸೇರಿದರೆ ಆಗುವುದು ಹೆಚ್ಚು ಎಂದು ಕಂಡಿತು. ಇದಕ್ಕೆ ಎದುರಾಗಿ, ಅಮೆರಿಕದ ಸಮುದಾಯ ಆರೋಗ್ಯ ಕೇಂದ್ರಗಳ 2007ರ ಅಧ್ಯಯನದಲ್ಲಿ ಮಧುಮೇಹ, ಆಸ್ತಮಾ ರೋಗಿಗಳ ತಪಾಸಣೆಯ ಕ್ರಮ ಸುಧಾರಿಸಿತೇ ಹೊರತು ರೋಗದ ನಿಯಂತ್ರಣ ಸುಧಾರಿಸಲಿಲ್ಲ.

ನಮ್ಮ ಸುತ್ತ ಇದರ ರೂಪಗಳು ಹಲವು. ಮದುರೈನ ಅರವಿಂದ ಕಣ್ಣಾಸ್ಪತ್ರೆ 1992ರಲ್ಲಿ ಲೈಕೊ ಎಂಬ ತರಬೇತಿ ಸಂಸ್ಥೆ ಕಟ್ಟಿ, ಬೇರೆ ಕಣ್ಣಾಸ್ಪತ್ರೆಗಳ ತಂಡಗಳನ್ನು ಕರೆಸಿ, ಅವರವರ ಅಂಕಿಅಂಶ ಮುಂದಿಟ್ಟುಕೊಂಡೇ ಮುಂದಿನ ಯೋಜನೆ ಬರೆಯಿಸುತ್ತ ಬಂದಿದೆ. ತನ್ನ ವಿದ್ಯೆಯನ್ನು ಬಚ್ಚಿಡದ ಈ ಉದಾರತೆ ಕೊಯಮತ್ತೂರಿನವರಿಗೆ ಅಪರಿಚಿತವಲ್ಲ. ಅರವಿಂದದ ಶಾಖೆ ಅಲ್ಲಿ 1997ರಿಂದ ಇದೆ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳ ಚಿಕಿತ್ಸೆ ಕಲಿಸಿತು. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಈಗ ಅದೇ ಸಂಸ್ಥೆ ‘ಎಕೋ’ ಪದ್ಧತಿಯಲ್ಲಿ ವಿಡಿಯೊ ಮೂಲಕ ಕಲಿಸುತ್ತದೆ: ದೂರದ ವೈದ್ಯರು ತಮ್ಮ ರೋಗಿಯ ಕಥೆ ಹೇಳುತ್ತಾರೆ, ತಜ್ಞರೂ ಉಳಿದ ವೈದ್ಯರೂ ಸೇರಿ ಚರ್ಚಿಸುತ್ತಾರೆ. ಈ ಪದ್ಧತಿಯನ್ನು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಶುರುಮಾಡಿದ ಡಾ. ಸಂಜೀವ್ ಅರೋರಾ 2011ರಲ್ಲಿ ತೋರಿಸಿಕೊಟ್ಟದ್ದು ದೊಡ್ಡ ಮಾತು. ಹೆಪಟೈಟಿಸ್ ಸಿ ಗುಣವಾದದ್ದು ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಶೇ 57.5, ಹೀಗೆ ಕಲಿತ ಊರಿನ ವೈದ್ಯರ ಬಳಿ ಶೇ 58.2.

ಐದನೆಯ ಪಂಥ: ನೆಲ ಹದವಾಗಿದೆಯೇ?

ತುಮಕೂರು ಜಿಲ್ಲೆಯಲ್ಲಿ 2009ರಿಂದ 2012ರವರೆಗೆ ‘ಸ್ವಾಸ್ಥ್ಯ ಕರ್ನಾಟಕ’ ಒಕ್ಕೂಟ ಜಿಲ್ಲಾ ಮತ್ತು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ತರಗತಿ ನಡೆಸಿ, ಆಮೇಲೆ ಅವರ ಕಚೇರಿಗಳಿಗೇ ಹೋಗಿ ಮಾರ್ಗದರ್ಶನ ನೀಡಿತು. ಎಲ್ಲ ತಾಲ್ಲೂಕುಗಳಿಗೂ ಒಂದೇ ಪಾಠ. ಫಲ ಮಾತ್ರ ಒಂದೇ ಆಗಲಿಲ್ಲ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್‌ನ ಡಾ. ಎನ್.ಎಸ್. ಪ್ರಶಾಂತ್ ಮತ್ತು ಸಂಗಡಿಗರು ಇದರ ಕಾರಣ ಹುಡುಕಿದರು. ಅಧಿಕಾರಿಗೆ ಕೆಲಸದ ಮೇಲೆ ನಿಷ್ಠೆ, ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ, ಮೇಲಿನವರ ಬೆಂಬಲ ಇವು ಕೂಡಿಬಂದಲ್ಲಿ ಕಲಿಕೆ ಬೇರೂರಿತು. ಒಂದು ಕೈಕೊಟ್ಟರೂ ಸೊರಗಿತು.

ಈ ಪಂಥ ಉಳಿದ ನಾಲ್ಕನ್ನೂ ತಳ್ಳಿಹಾಕುವುದಿಲ್ಲ. ಯಾವ ದಾರಿ, ಯಾರಿಗೆ, ಯಾವ ಸಂದರ್ಭದಲ್ಲಿ ಎಂದು ಕೇಳಿ ಎನ್ನುತ್ತದೆ. ತಮಿಳುನಾಡಿನ ಅನುಭವ ಇದಕ್ಕೆ ಪೂರಕ. ಅಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವೂ 1939ರ ಕಾಯ್ದೆಯೂ ಇವೆ. ಔಷಧಿ ಪೂರೈಕೆಗೆ 1994ರಲ್ಲಿ ಸ್ಥಾಪನೆಯಾದ ವೈದ್ಯಕೀಯ ಸೇವಾ ನಿಗಮವಿದೆ. ಬಿಪಿ, ಶುಗರ್ ಮಾತ್ರೆಯನ್ನು ಮನೆಬಾಗಿಲಿಗೆ ತಲುಪಿಸುವ ಯೋಜನೆಯನ್ನು 2021ರ ಆಗಸ್ಟ್ 5ರಂದು ಕನ್ನಡಿಗರೂ ನೆಲೆಸಿರುವ ಕೃಷ್ಣಗಿರಿ ಜಿಲ್ಲೆಯಲ್ಲೇ ಆರಂಭಿಸಿದರು. ಮಾತ್ರೆಯೇ ಇಲ್ಲದ ಕೇಂದ್ರದಲ್ಲಿ ಗುಂಪು ಕೂತು ಕಲಿಯುವುದು ಏನನ್ನು? ಔಷಧಿ, ಸಿಬ್ಬಂದಿ, ಅಧಿಕಾರ ಈ ಮೂರು ಇದ್ದಲ್ಲೇ ಕಲಿಕೆ ಫಲ ಕೊಡುತ್ತದೆ.

ಇನ್ನೂ ಬಗೆಹರಿಯದವು

ಕ್ರಮ ಸುಧಾರಿಸಿದರೆ ಜೀವ ಉಳಿಯುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಉತ್ತರ ಪ್ರದೇಶದ ಫಲಿತಾಂಶದ ನಂತರ ಇದಕ್ಕೆ ಹೌದು ಎಂದು ಸುಲಭವಾಗಿ ಹೇಳುವಂತಿಲ್ಲ. ಪ್ರಾಥಮಿಕ ಕೇಂದ್ರ ಎಷ್ಟೇ ಚೆನ್ನಾಗಿದ್ದರೂ ಮೇಲಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ, ರಕ್ತ ಸಿಗದಿದ್ದರೆ ತಾಯಿ ಉಳಿಯುವುದಿಲ್ಲ.

ಎರಡನೆಯದು ಅಂಕಿಅಂಶದ ಪ್ರಾಮಾಣಿಕತೆ. ತಿಂಗಳಿಗೊಮ್ಮೆ ಪ್ರತಿ ತಾಲ್ಲೂಕಿನಲ್ಲೂ ಪ್ರಗತಿ ಪರಿಶೀಲನಾ ಸಭೆ ನಡೆಯುತ್ತದೆ. ಅಲ್ಲಿ ಕಡಿಮೆ ಸಂಖ್ಯೆ ಹೇಳಿದವರಿಗೆ ಬೈಗುಳ ಕಾದಿದ್ದರೆ ನಿಜ ಹೇಳುವವರು ಯಾರು? ಬೈಯಲು ಬಳಸುವ ಲೆಕ್ಕವನ್ನೇ ಕಲಿಯಲೂ ಬಳಸಬಹುದೇ ಎಂಬುದಕ್ಕೆ ಎಲ್ಲೂ ಖಚಿತ ಉತ್ತರ ಸಿಕ್ಕಿಲ್ಲ. 2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಒಂದು ಆಶಾದಾಯಕ ಉದಾಹರಣೆ. ನೋಂದಾಯಿಸಿದವರ ಸಂಖ್ಯೆಯೊಂದನ್ನೇ ಕೇಳದೆ, ಅವರಲ್ಲಿ ಎಷ್ಟು ಜನರ ಬಿಪಿ ಹತೋಟಿಗೆ ಬಂದಿದೆ, ಎಷ್ಟು ಜನ ಮರಳಿ ಬರಲಿಲ್ಲ ಎಂದು ಅದು ಕೇಂದ್ರವಾರು ಕೇಳುತ್ತದೆ. ತಿಂಗಳ ಮಾತ್ರೆ ಒಮ್ಮೆಗೇ ಕೊಡಲು ಹೇಳುತ್ತದೆ.

ಮೂರನೆಯದು ಒಂಟಿತನ. 2022ರ ಡಿಸೆಂಬರ್‌ನಲ್ಲಿ ಆರಂಭವಾದ ಕರ್ನಾಟಕದ ‘ನಮ್ಮ ಕ್ಲಿನಿಕ್’ಗಳಲ್ಲಿ ವೈದ್ಯರು ಒಬ್ಬರೇ. ಕೊಯಮತ್ತೂರು, ತಿರುಪ್ಪೂರಿನಂಥ ದುಡಿಮೆಯ ಊರುಗಳಲ್ಲಿ ಸಂಜೆ ಪಾಳಿ ಮುಗಿಸಿದ ಕಾರ್ಮಿಕ ಹೋಗುವುದು ಹೆಚ್ಚಾಗಿ ಬೀದಿಬದಿಯ ಖಾಸಗಿ ಕ್ಲಿನಿಕ್ಕಿಗೆ. ಈ ಒಂಟಿ ವೈದ್ಯರನ್ನು ಯಾವ ಗುಂಪಿಗೆ ಸೇರಿಸುವುದು, ಅವರಿಗೆ ಅದರಿಂದ ಏನು ಲಾಭ? ಇಲ್ಲಿಯವರೆಗಿನ ಪುರಾವೆ ಬಹುಪಾಲು ಸರ್ಕಾರಿ ಅಥವಾ ಸಂಘಟಿತ ಕೇಂದ್ರಗಳದ್ದು.

ನಾಲ್ಕನೆಯದು ಗಡಿ. ಕೊಯಮತ್ತೂರಿನ ಗಾಂಧಿಪುರಂನಲ್ಲಿ ಮೈಸೂರು ಬಸ್ಸು ಹತ್ತಿದರೆ ಸತ್ಯಮಂಗಲ, ಬಣ್ಣಾರಿ ದಾಟಿ ದಿಂಬಂ ಘಟ್ಟದ 27 ತಿರುವುಗಳನ್ನು ಏರಿದ ಮೇಲೆ ತಾಳವಾಡಿಯ ಸೀಮೆ. ಆಡಳಿತ ಈರೋಡಿನದು, ಮನೆಮಾತು ಕನ್ನಡ. ಕೊಯಮತ್ತೂರಿನ ದೇವಾಂಗ ನೇಕಾರರ ಮನೆಗಳಲ್ಲೂ ಕನ್ನಡವಿದೆ. ಘಟ್ಟದ ಆಚೆ ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ, ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಿಂದ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುತ್ತ ಮಾನಸಿಕ ಆರೋಗ್ಯ, ಮೂರ್ಛೆರೋಗದ ಚಿಕಿತ್ಸೆಯನ್ನು ಅಲ್ಲೇ ಸೇರಿಸಿದೆ. ರಾಜ್ಯದ ಗಡಿ ದಾಟಿ ನೆರೆಯ ಕೇಂದ್ರಗಳು ಕೂಡಿ ಕಲಿಯುವ ವ್ಯವಸ್ಥೆಯನ್ನು ನಮ್ಮ ಯಾವ ಯೋಜನೆಯೂ ಮುಖ್ಯ ಗುರಿಯಾಗಿ ಇಟ್ಟುಕೊಂಡಿಲ್ಲ.

ಐದನೆಯದು ರೋಗಿಯ ಜಾಗ. ಕೂಡಿ ಕಲಿಯುವ ಗುಂಪಿನಲ್ಲಿ ವೈದ್ಯರು, ನರ್ಸ್‌ಗಳು, ಅಧಿಕಾರಿಗಳು ಇದ್ದಾರೆ. ಐದು ದಿನದ ಮಾತ್ರೆ ತನಗೆ ಯಾಕೆ ಸಾಲದೆಂದು ಬಲ್ಲ ರೋಗಿ ಅಲ್ಲಿಲ್ಲ. ಆಕೆಯನ್ನು ಸೇರಿಸಿಕೊಂಡರೆ ಫಲ ಎಷ್ಟು ಹೆಚ್ಚುತ್ತದೆಂದು ಸರಿಯಾಗಿ ಅಳೆದವರು ಕಡಿಮೆ.

ಈ ಪ್ರಶ್ನೆಗಳು ಬಗೆಹರಿಯುವವರೆಗೆ ಕಾಯಬೇಕಿಲ್ಲ. ಇದುವರೆಗಿನ ಪುರಾವೆ ಒಟ್ಟಾಗಿ ಹೇಳುವುದು ಇಷ್ಟು: ಮಾನದಂಡ ಬೇಕು, ಔಷಧಿ ಮತ್ತು ಸಿಬ್ಬಂದಿ ಅದಕ್ಕಿಂತ ಮೊದಲು ಬೇಕು, ಇವೆರಡೂ ಇದ್ದಲ್ಲಿ, ತಮ್ಮದೇ ಲೆಕ್ಕವನ್ನು ಹೆದರಿಕೆಯಿಲ್ಲದೆ ಮುಂದಿಟ್ಟುಕೊಂಡು ಕೂಡಿ ಕಲಿಯುವ ತಂಡಗಳು ಬರೀ ತರಬೇತಿ ಪಡೆದವರಿಗಿಂತ ಮುಂದೆ ಹೋಗುತ್ತವೆ. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು ಬೇಡ. ತಾಲ್ಲೂಕು ಆರೋಗ್ಯಾಧಿಕಾರಿಗಳು ತಿಂಗಳ ಪರಿಶೀಲನಾ ಸಭೆಯ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಲಿ. ಒಂದೇ ವಿಷಯ, ಎಲ್ಲ ಕೇಂದ್ರಗಳ ಲೆಕ್ಕ, ಚೆನ್ನಾಗಿ ಮಾಡಿದವರು ಹೇಗೆ ಮಾಡಿದರೆಂಬ ಮಾತು, ಯಾರಿಗೂ ಬೈಗುಳವಿಲ್ಲ. ಓದುಗರು ತಮ್ಮೂರಿನ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋಗಿ ಒಂದು ಪ್ರಶ್ನೆ ಕೇಳಲಿ: ನಮ್ಮ ಕೇಂದ್ರದಲ್ಲಿ ಬಿಪಿಗೆ ಹೆಸರು ಬರೆಸಿದವರಲ್ಲಿ ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ, ಪಕ್ಕದ ಕೇಂದ್ರದಲ್ಲಿ ಎಷ್ಟು?